ಮನಸ್ಸು ಗಟ್ಟಿ ಇದ್ದರೆ ಸಿಗರೇಟು ಬಿಡಬಹುದು ಅಲ್ವಾ?

ಚಟ ಬಿಡಿಸುವ ಕೆಲಸದಲ್ಲಿ ಇದ್ದೇನೆ ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಪಕ್ಕದವರು ಇದನ್ನೇ ಕೇಳುತ್ತಾರೆ. ನನ್ನ ಉತ್ತರ: ಗಟ್ಟಿ ಮನಸ್ಸೊಂದೇ ಸಾಲದು. ಮನಸ್ಸು ಬೇಡ ಅನ್ನುವ ಹೊತ್ತಿಗೆ ಮೈ ಆಗಲೇ ಬೇಕು ಅಂದುಬಿಟ್ಟಿರುತ್ತದೆ.

ಎದೆಬಡಿತ, ಹಸಿವು, ಹೊಟ್ಟೆಯ ತಳಮಳ, ಇಂಥ ಒಳಗಿನ ಸುದ್ದಿಯನ್ನೆಲ್ಲ ಮಿದುಳಿನಲ್ಲಿ ಇನ್ಸುಲಾ ಅನ್ನೋ ಭಾಗ ಗಮನಿಸುತ್ತಿರುತ್ತದೆ. ಅಮೆರಿಕದ ಸಂಶೋಧಕರು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ವಿಚಿತ್ರ ಸಂಗತಿ ಬರೆದರು. ಮಿದುಳಿಗೆ ಹಾನಿಯಾಗಿದ್ದ 69 ಸಿಗರೇಟು ಸೇದುವವರಲ್ಲಿ 19 ಜನರಿಗೆ ಇನ್ಸುಲಾ ಭಾಗವೇ ಕೆಟ್ಟಿತ್ತು. ಅವರಲ್ಲಿ 12 ಜನ ಒದ್ದಾಟವೇ ಇಲ್ಲದೆ ಸಿಗರೇಟು ಬಿಟ್ಟಿದ್ದರು. ದಿನಕ್ಕೆ 40ಕ್ಕೂ ಜಾಸ್ತಿ ಸೇದುತ್ತಿದ್ದ ಒಬ್ಬರಂತೂ, ಸೇದಬೇಕು ಅನ್ನೋದನ್ನ ನನ್ನ ಮೈಯೇ ಮರೆತುಬಿಟ್ಟಿತು ಅಂದರಂತೆ. ಮನಸ್ಸಲ್ಲ, ಮೈ!

ನಮ್ಮ ಇನ್ಸುಲಾ ಸರಿಯಾಗೇ ಇದೆ, ಹಾಗಾಗಿ ಅದರ ಮಾತು ಓದೋದನ್ನ ಕಲಿಯಬೇಕು. ಬೆಳಿಗ್ಗೆಯಿಂದ ಬರೀ ಟೀ ಕುಡಿದು, ಮಧ್ಯಾಹ್ನದ ಊಟ ಬಿಟ್ಟು, ಸಾಯಂಕಾಲ ನಾಲ್ಕು ಗಂಟೆಗೆ ಗೂಡಂಗಡಿ ಮುಂದೆ ನಿಂತವರನ್ನು ಏನಾಗ್ತಿದೆ ಅಂತ ಕೇಳಿ. "ಏನಿಲ್ಲ, ಸುಮ್ನೆ ಒಂದು ದಮ್ ಬೇಕು" ಅನ್ನುತ್ತಾರೆ. ಎಲ್ಲಿ ಅನಿಸ್ತಿದೆ ಅಂತ ಮತ್ತೆ ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಿ ದವಡೆ ಬಿಗಿದಿದೆ, ಹೊಟ್ಟೆ ಖಾಲಿ, ಕೈ ಸಣ್ಣಗೆ ನಡುಗ್ತಿದೆ ಅಂತ ಒಂದೊಂದಾಗಿ ಹೇಳುತ್ತಾರೆ. ಅರ್ಧಕ್ಕರ್ಧ ಹಸಿವು! ಎರಡು ಇಡ್ಲಿ ತಿಂದ ಮೇಲೂ ಉಳಿದದ್ದು ನಿಕೋಟಿನ್ನಿನ ಪಾಲು, ಅದನ್ನ ಹತ್ತು-ಹದಿನೈದು ನಿಮಿಷ ಸುಮ್ನೆ ಗಮನಿಸಿದರೆ ಎಷ್ಟೋ ಸಲ ಏರಿ ತಾನೇ ಇಳಿಯುತ್ತದೆ. ಸಿಟ್ಟಲ್ಲಿ ಕೈ ಎತ್ತುವವರಿಗೂ ಇದನ್ನೇ ಹೇಳುತ್ತೇನೆ, ಕಿವಿ ಬಿಸಿಯಾದಾಗಲೇ ಜಾಗ ಬಿಟ್ಟು ಹೊರಡಿ ಅಂತ.

ಮೈ ಮೇಲೆ ಗಮನ ಜಾಸ್ತಿ ಆದಷ್ಟೂ ಒಳ್ಳೇದು ಅಂತಲೂ ಅಲ್ಲ. ಎದೆ ಡವಡವ ಅಂದರೆ ಸಾಕು, ಹಾರ್ಟ್ ಅಟ್ಯಾಕೇ ಬಂತು ಅಂತ ಗಾಬರಿಯಾಗಿ, ಅದನ್ನ ಅಡಗಿಸೋಕೆ ಒಂದು ಪೆಗ್ ಹಾಕುವವರೂ ಇದ್ದಾರೆ. ಅವರಿಗೆ ಮೈಯ ಮಾತು ಜೋರಾಗೇ ಕೇಳುತ್ತದೆ, ಅರ್ಥ ಮಾಡಿಕೊಳ್ಳೋದರಲ್ಲಿ ಎಡವುತ್ತಾರೆ.

ಇನ್ನೊಂದು ಮಾತು. ದಿನಾ ಜಾಸ್ತಿ ಕುಡಿಯುವವರಿಗೆ ಬೆಳಿಗ್ಗೆ ಕೈ ನಡುಗಿ ಬೆವರು ಬರುತ್ತಿದ್ದರೆ ದಯವಿಟ್ಟು ಗಮನಿಸುತ್ತಾ ಕೂರಬೇಡಿ, ಒಮ್ಮೆಲೇ ನಿಲ್ಲಿಸಲೂ ಬೇಡಿ, ಫಿಟ್ಸ್ ಬರಬಹುದು. ಅಂಥವರು ಮೊದಲು ಡಾಕ್ಟರ ಹತ್ತಿರ ಹೋಗಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಎಲ್ಲಿಗೆ ಹೋಗಬೇಕು ಅಂತ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.