ಕುದುರೆ ವ್ಯಾನ್ ಮುಂದಿದ್ದರೆ ಎಡಗಡೆಯಿಂದ ನುಗ್ಗಬೇಡಿ

ರೇಸ್ ಕುದುರೆ ಸಾಗಿಸುವ ವ್ಯಾನ್ ಓಡಿಸುವುದು ನನ್ನ ಕೆಲಸ. ಕುಣಿಗಲ್ ಕಡೆಯಿಂದ ಮೈಸೂರಿಗೆ, ಮೈಸೂರಿನಿಂದ ಬೆಂಗಳೂರಿಗೆ, ಹೀಗೆ. ದೊಡ್ಡ ಹೈವೇಯಲ್ಲಿ ನಮ್ಮಿಂದ ಯಾರಿಗೂ ತಕರಾರಿಲ್ಲ. ಎಡ ಲೇನ್ ಹಿಡಿದು ನಮ್ಮ ಪಾಡಿಗೆ ನಾವು ಹೋಗುತ್ತಿರುತ್ತೇವೆ, ನೀವು ದಾಟಿಕೊಂಡು ಹೋಗುತ್ತೀರಿ. ಜಗಳವೆಲ್ಲ ಹುಲಿಯೂರುದುರ್ಗದಿಂದ ಮದ್ದೂರಿಗೆ ಬರುವಂಥ ಎರಡು ಲೇನಿನ ರಸ್ತೆಗಳಲ್ಲಿ. ಹಿಂದೆ ಐದಾರು ಕಾರು, ಒಂದು ಬಸ್ಸು, ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕು. ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ: ಇವನ್ಯಾಕೆ ಇಷ್ಟು ನಿಧಾನ?

ನಿಧಾನ ಹೋಗು ಅಂತ ಕಾನೂನೇ ಹೇಳುತ್ತೆ. ಪ್ರಾಣಿ ಸಾಗಣೆಗೆ 1978ರಲ್ಲಿ ಮಾಡಿದ ನಿಯಮಗಳ ಪ್ರಕಾರ ಕುದುರೆ ತುಂಬಿದ ಗಾಡಿ ಗಂಟೆಗೆ 35 ಕಿ.ಮೀ. ಮೀರುವ ಹಾಗಿಲ್ಲ. ಒಂದು ಗಾಡಿಯಲ್ಲಿ ನಾಲ್ಕರಿಂದ ಆರು ಕುದುರೆ ಮಾತ್ರ, ನೆಲ ಜಾರಬಾರದು, ಕುದುರೆ ಕುದುರೆಯ ನಡುವೆ ಗಟ್ಟಿ ಬಿದಿರು ಅಡ್ಡ ಇರಬೇಕು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಕುದುರೆಗಳು ಬೆದರದಂತೆ, ಗಾಯವಾಗದಂತೆ ಅವುಗಳ ಮುಖ ಎಡಕ್ಕೆ, ಅಂದರೆ ಪಕ್ಕದಲ್ಲಿ ಹಾದುಹೋಗುವ ವಾಹನಗಳಿಗೆ ಬೆನ್ನಾಗಿ, ಇರಬೇಕು. ಈ ಬರಹ ಬರೆಯೋಕೆ ಕಾರಣವೇ ಆ ಒಂದು ಸಾಲು.

ನಮ್ಮ ವ್ಯಾನಿನಲ್ಲಿ ಕುದುರೆಗಳು ಅಡ್ಡಡ್ಡ ನಿಂತಿರುತ್ತವೆ. ತಲೆ ಎಡಕ್ಕೆ, ಬಾಲ ಬಲಕ್ಕೆ. ಎಡ ಬದಿಯಲ್ಲಿ ಗಾಳಿಗೆ ಬಿಟ್ಟ ಕಿಂಡಿಗಳಿಗೆ ಹೆಚ್ಚುಕಮ್ಮಿ ಮೂತಿ ತಾಗುವಷ್ಟು ಹತ್ತಿರ. ನೀವು ಬಲದಿಂದ ಓವರ್‌ಟೇಕ್ ಮಾಡಿದರೆ ಸದ್ದು ಬಾಲದ ಕಡೆ ಕೇಳಿಸಿ ಹೋಗುತ್ತೆ. ಸೈಲೆನ್ಸರ್ ಬಿಚ್ಚಿಸಿದ ಬುಲೆಟ್ ಎಡಗಡೆ ಮಣ್ಣಿನ ಅಂಚಿನಲ್ಲಿ ನುಗ್ಗಿತು ಅಂದರೆ ಅದು ಸಿಡಿಯುವುದು ನಾಲ್ಕೂ ಕುದುರೆಗಳ ಮುಖಕ್ಕೆ, ಒಂದರ ಹಿಂದೆ ಒಂದಕ್ಕೆ. ಓಡಿ ತಪ್ಪಿಸಿಕೊಳ್ಳುವುದು ಕುದುರೆಯ ಹುಟ್ಟುಗುಣ. ಅಲ್ಲಿ ಓಡೋಕೆ ಜಾಗವಿಲ್ಲ, ಒದೆಯೋಕೆ ಮಾತ್ರ ಇದೆ.

ಒಮ್ಮೆ ಹಾಗೇ ಆದಾಗ ಒಳಗಿದ್ದ ಹಿರಿಯ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಕ್ಯಾಬಿನ್ ಹಿಂದಿನ ತಗಡು ಬಡಿದರು. "ನಿಲ್ಲಿಸಪ್ಪಾ, ಇದು ನಡುಗ್ತಾ ಐತೆ." ಹೋಗಿ ನೋಡಿದರೆ ಮೊದಲ ಕಂಪಾರ್ಟ್‌ಮೆಂಟಿನ ಹೆಣ್ಣುಕುದುರೆಯ ಕಣ್ಣಂಚಿನ ಬಿಳಿ ಕಾಣುತ್ತಿತ್ತು. ಕತ್ತಿನ ಮೇಲೆ ಬೆವರು ಸೋಪು ಹಚ್ಚಿದಂತೆ ನೊರೆಯಾಗಿತ್ತು. ಹಿಂಗಾಲಿನ ಬ್ಯಾಂಡೇಜು ಬಿಚ್ಚಿ ಜೋತಾಡುತ್ತಿತ್ತು. ಸೈಸ್ ಅದರ ಹಣೆ ಮೇಲೆ ಕೈಯಿಟ್ಟು ಉರ್ದುವಿನಲ್ಲಿ ಏನೇನೋ ಹೇಳುತ್ತಾ ನಿಂತರು. ಅದು ಹುಲ್ಲಿಗೆ ಬಾಯಿ ಹಾಕುವವರೆಗೆ ನಾವು ಹೊರಡಲಿಲ್ಲ. ಬುಲೆಟ್ಟಿನವನು ಅಷ್ಟೊತ್ತಿಗೆ ಮದ್ದೂರಿನಲ್ಲಿ ವಡೆ ತಿಂದು ಮುಗಿಸಿರಬೇಕು.

ಸರಿ, ಬಲದಿಂದಲೇ ಹೋಗಿ. ಆದರೆ ಲೆಕ್ಕ ಹಾಕಿ ಹೋಗಿ. ನಾನು 35ರಲ್ಲಿ ಇದ್ದು ನೀವು 60ರಲ್ಲಿ ದಾಟಿದರೆ, ಹಿಂದೆ ಬಿಟ್ಟ ಅಂತರ, ವ್ಯಾನಿನ ಉದ್ದ, ಮುಂದೆ ಬಿಡಬೇಕಾದ ಅಂತರ ಎಲ್ಲ ಸೇರಿ ಏಳು ಸೆಕೆಂಡು ಬೇಕು. ಅಷ್ಟರಲ್ಲಿ ನೀವು ಸುಮಾರು 120 ಮೀಟರ್ ಹೋಗಿರುತ್ತೀರಿ. ಎದುರಿನಿಂದ 60ರಲ್ಲಿ ಬರುವವನೂ ಅಷ್ಟೇ ದೂರ ಬಂದಿರುತ್ತಾನೆ. ಅಂದರೆ ಕಾಲು ಕಿಲೋಮೀಟರ್ ರಸ್ತೆ ಖಾಲಿ ಕಾಣಿಸಬೇಕು. ವ್ಯಾನಿನ ಬಾಲಕ್ಕೆ ಅಂಟಿಕೊಂಡು ಬಂದರೆ ಅದು ಹೇಗೆ ಕಾಣಿಸುತ್ತೆ? ನನ್ನ ಕನ್ನಡಿ ನಿಮಗೆ ಕಾಣುತ್ತಿಲ್ಲ ಅಂದರೆ ನನಗೂ ನೀವು ಕಾಣುತ್ತಿಲ್ಲ.

ನನ್ನ ಅನುಭವದಲ್ಲಿ ಹೆಚ್ಚು ಅಪಾಯ ದಾಟುವಾಗಲ್ಲ, ದಾಟಿದ ಮೇಲೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಕಂಡ ತಕ್ಷಣ ಸರಕ್ಕನೆ ನನ್ನ ಬಂಪರ್ ಮುಂದೆ ನುಗ್ಗುತ್ತಾರೆ, ನುಗ್ಗಿ ಬ್ರೇಕ್ ಒತ್ತುತ್ತಾರೆ. ನಾನೂ ಒತ್ತಲೇಬೇಕು. ಒಂದೊಂದು ಕುದುರೆ ಸುಮಾರು ಐನೂರು ಕೆ.ಜಿ., ನಾಲ್ಕು ಸೇರಿದರೆ ಎರಡು ಟನ್. ಇದು ಹಗ್ಗ ಕಟ್ಟಿದ ಸಿಮೆಂಟ್ ಮೂಟೆಯ ಲೋಡಲ್ಲ. ನಿಂತುಕೊಂಡು, ಕಾಲು ಅಗಲಿಸಿ, ಪ್ರತಿ ಜಗ್ಗಿಗೂ ತಾನೇ ಮೈ ಸರಿದೂಗಿಸಿಕೊಳ್ಳುವ ಲೋಡು. ಬ್ರೇಕ್ ಬಿಟ್ಟ ಮೇಲೂ ವ್ಯಾನ್ ಒಂದು ಗಳಿಗೆ ಓಲಾಡುತ್ತೆ. ಆದ್ದರಿಂದ ನನ್ನ ವ್ಯಾನ್ ಪೂರ್ತಿ ನಿಮ್ಮ ಒಳಗಿನ ಕನ್ನಡಿಯಲ್ಲಿ ಕಂಡ ಮೇಲೆ ಎಡಕ್ಕೆ ಬನ್ನಿ. ಸುಗ್ಗಿ ಕಾಲದಲ್ಲಿ ಇನ್ನೂ ಎಚ್ಚರ ಬೇಕು. ಹುರುಳಿಯನ್ನೋ ರಾಗಿಯನ್ನೋ ಒಕ್ಕಣೆಗೆಂದು ರಸ್ತೆ ಮೇಲೇ ಹರಡಿರುತ್ತಾರೆ. ಆ ಸೊಪ್ಪೆಯ ಮೇಲೆ ನಾನು ಬ್ರೇಕ್ ಒತ್ತುವುದಿಲ್ಲ, ನೀವೂ ಅಲ್ಲಿ ಓವರ್‌ಟೇಕ್‌ಗೆ ಇಳಿಯಬೇಡಿ.

ಹಾರ್ನ್ ವಿಷಯ. ಒಂದು ಸಲ ಸಣ್ಣಗೆ ಹೊಡೆದರೆ ನನಗೆ ಸಾಕು. ಸಿನಿಮಾ ಹಾಡಿನಂಥ ರಾಗದ ಹಾರ್ನ್‌ಗೆ 1989ರ ಮೋಟಾರು ವಾಹನ ನಿಯಮಗಳಲ್ಲೇ ಅವಕಾಶವಿಲ್ಲ. ಹಾಕಿಸಿಕೊಂಡಿದ್ದರೂ ನಮ್ಮ ಪಕ್ಕದಲ್ಲಿ ಒತ್ತಬೇಡಿ. ಇನ್ನು ಇಂಡಿಕೇಟರ್. ಎಡದ್ದು ಹಾಕಿದರೆ "ಹೋಗಿ" ಅಂತ ಕೆಲವರು, ಬಲದ್ದು ಹಾಕಿದರೆ "ಹೋಗಿ" ಅಂತ ಕೆಲವರು ಅರ್ಥ ಮಾಡಿಕೊಳ್ಳುತ್ತಾರೆ. ನಾನು ಎಡದ್ದು ಹಾಕಿದೆ ಅಂದರೆ ಎಡಕ್ಕೆ ಹೋಗುತ್ತಿದ್ದೇನೆ, ಅಷ್ಟೆ. ಎದುರು ಖಾಲಿ ಇದೆಯೋ ಇಲ್ಲವೋ ನೀವೇ ನೋಡಿಕೊಳ್ಳಿ.

ವ್ಯಾನಿನಲ್ಲಲ್ಲದೆ ರಸ್ತೆ ಮೇಲೆ ಸವಾರನನ್ನು ಹೊತ್ತು ನಡೆಯುವ ಕುದುರೆ ಸಿಕ್ಕರೆ ಇನ್ನೂ ತಾಳ್ಮೆ ಬೇಕು. ಬ್ರಿಟನ್ನಿನ ಹೈವೇ ಕೋಡ್ 2022ರಿಂದ ಇದಕ್ಕೆ ಲೆಕ್ಕವನ್ನೇ ಕೊಟ್ಟಿದೆ: ವೇಗ ಗಂಟೆಗೆ 10 ಮೈಲಿ, ಅಂದರೆ 16 ಕಿ.ಮೀ. ದಾಟಬಾರದು, ಪಕ್ಕಕ್ಕೆ ಕನಿಷ್ಠ 2 ಮೀಟರ್ ಬಿಡಬೇಕು. ನಮ್ಮ ರಸ್ತೆಗೂ ಅದು ಚೆನ್ನಾಗಿಯೇ ಒಪ್ಪುತ್ತೆ. ಮೈಸೂರಿನಲ್ಲಿ ದಸರಾಕ್ಕೆ ಮುಂಚೆ ಫಿರಂಗಿ ಸಿಡಿಸಿ ಆನೆ, ಕುದುರೆಗಳನ್ನು ಸದ್ದಿಗೆ ಪಳಗಿಸುವುದನ್ನು ನೋಡಿದವರು "ಕುದುರೆಗೆ ಸದ್ದು ಅಭ್ಯಾಸ" ಅಂದುಕೊಂಡುಬಿಡುತ್ತಾರೆ. ಅದು ಆ ಕುದುರೆಗಳಿಗೆ, ಅದೂ ತಾಲೀಮು ಕೊಟ್ಟ ಮೇಲೆ. ಎದುರು ಸಿಕ್ಕ ಕುದುರೆ ಯಾವುದು ಅಂತ ನಿಮಗೇನು ಗೊತ್ತು? ಸವಾರ ಕೈಯೆತ್ತಿದರೆ ನಿಲ್ಲಿಸಿ. ಕುದುರೆಯ ಮೂತಿಯ ನೇರ ಮುಂದೆ, ಬಾಲದ ನೇರ ಹಿಂದೆ ಅದಕ್ಕೆ ಏನೂ ಕಾಣುವುದಿಲ್ಲ. ಹಿಂದೆ ಅಂಟಿಕೊಂಡು ಎಂಜಿನ್ ರೇಸ್ ಮಾಡಬೇಡಿ.

ನೀರು ಕುಡಿಸೋಕೆ ನಾವು ಮರದ ನೆರಳಲ್ಲಿ ನಿಲ್ಲಿಸಿರುತ್ತೇವೆ. ರ್‍ಯಾಂಪ್ ಇಳಿಸಿರಬಹುದು, ಬೇಗ ಕಣ್ಣಿಗೆ ಬೀಳುವುದಿಲ್ಲ, ಅಗಲವಾಗಿ ಬಳಸಿಕೊಂಡು ಹೋಗಿ. ಮಕ್ಕಳಿಗೆ ಕುದುರೆ ತೋರಿಸಬೇಕು ಅನ್ನಿಸಿದರೆ ಗಾಡಿ ದೂರ ನಿಲ್ಲಿಸಿ, ನಡೆದು ಬಂದು ಸೈಸ್ ಅವರನ್ನು ಕೇಳಿ. ಅವರೇ ಕರೆದು ತೋರಿಸುತ್ತಾರೆ. ಫೋಟೋಕ್ಕೆ ಫ್ಲಾಶ್ ಮಾತ್ರ ಬೇಡ.