ಪಟ್ಟಿಯಲ್ಲಿ ಹೆಸರಿಲ್ಲದವರು: ಪೆರ್ಲದಲ್ಲೊಂದು ಭಾನುವಾರ

ವಿಟ್ಲದಿಂದ ಹೊರಟ ಬಸ್ಸು ಸಾರಡ್ಕ ದಾಟಿದರೆ ಕೇರಳ. ಬೋರ್ಡುಗಳಲ್ಲಿ ಮಲಯಾಳ ಶುರುವಾಗುತ್ತದೆ, ಬೇರೆಲ್ಲ ಹಾಗೇ. ಅದೇ ಅಡಿಕೆ ತೋಟ, ಅದೇ ಮುರಕಲ್ಲಿನ ಗುಡ್ಡೆ, ಹಿಂದಿನ ಸೀಟಿನಲ್ಲಿ ಅದೇ ತುಳು ಹರಟೆ. ಅಡ್ಕಸ್ಥಳ ಕಳೆದು ಪೆರ್ಲದಲ್ಲಿ ಇಳಿದೆ. ಹೋಟೆಲಿನ ಗೋಳಿಬಜೆ ಇನ್ನೂ ಬಾಣಲೆಯಲ್ಲಿತ್ತು. ಕಾದದ್ದಕ್ಕೆ ಮೋಸವಾಗಲಿಲ್ಲ.

ಪೆರ್ಲ ಇರುವುದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ. ಎಣ್ಮಕಜೆ ಅಂದ ಕೂಡಲೇ ಜನರಿಗೆ ನೆನಪಾಗುವುದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಈ ವಿಷ ಸಿಂಪಡಿಸಿದರು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಅಂಥವರು ಇದರಿಂದ ಜನ ಕಾಯಿಲೆ ಬೀಳುತ್ತಿದ್ದಾರೆ ಎಂದು ಕೂಗಿ ಹೇಳಿದ ಎಷ್ಟೋ ವರ್ಷಗಳ ಮೇಲೆ ಹೊರಗಿನವರಿಗೆ ಕೇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ದೇಶದಲ್ಲೇ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿತು.

ನಾನು ಹೋದದ್ದು ಆ ಸಂತ್ರಸ್ತರ ಪಟ್ಟಿಯಲ್ಲಿ ಇಲ್ಲದವರಿಗೋಸ್ಕರ. ಅಣ್ಣನೋ ಅಕ್ಕನೋ ವರ್ಷಗಟ್ಟಲೆ ಮಲಗಿದಲ್ಲೇ ಇರುವ ಮನೆಯಲ್ಲಿ ಗಟ್ಟಿಮುಟ್ಟಾಗಿ ಬೆಳೆದ ತಮ್ಮ ತಂಗಿಯರು. ಇವರಿಗೆ ಕಾಯಿಲೆಯಿಲ್ಲ, ಹಾಗಾಗಿ ಸಂತ್ರಸ್ತರ ಕಾರ್ಡೂ ಇಲ್ಲ. ಇವರ ಬೆನ್ನಿಗೆ ನಿಂತ ನಾಲ್ಕೈದು ಜನ ಇಲ್ಲಿದ್ದಾರೆ. ಒಬ್ಬರು ಆಶಾ ಕಾರ್ಯಕರ್ತೆ, ಒಬ್ಬರು ನಿವೃತ್ತ ಮಾಷ್ಟ್ರು, ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯು ಎಂಬ ಸಮಾಜಕಾರ್ಯದ ಪದವಿ ಓದಿ ಊರಿಗೆ ವಾಪಸಾದ ಹುಡುಗಿ, ಮತ್ತೆ ವಾಲಿಬಾಲ್ ಹುಚ್ಚಿನ ಒಬ್ಬ ರಿಕ್ಷಾದವರು. ಬ್ಯಾನರ್ ಕಟ್ಟಿ ದೀಪ ಹಚ್ಚುವ ಪೈಕಿಯವರಲ್ಲ.

ಆಶಾ ಅಕ್ಕನ ಹಿಂದೆ ಗುಡ್ಡೆ ಇಳಿದು ಒಂದು ಮನೆಗೆ ಹೋದೆ. ಹೊರಗೆ ಅಂಗಳದ ಮೂಲೆಯಲ್ಲಿ ಗುಡ್ಡೆಗೆ ಅಡ್ಡಲಾಗಿ ಕೊರೆದ ನೀರಿನ ಸುರಂಗದಿಂದ ಬಂದ ಪೈಪು ಸಣ್ಣಗೆ ಸುರಿಯುತ್ತಿತ್ತು. ಒಳಗೆ ಹತ್ತೊಂಬತ್ತರ ಹುಡುಗಿ ಅಣ್ಣನನ್ನು ಮಗ್ಗುಲು ಬದಲಿಸುತ್ತಿದ್ದಳು. ಮೊದಲು ಅವನ ಮೊಣಕಾಲು ಮಡಚಿದಳು. ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ತನ್ನ ಕಡೆಗೆ ಎಳೆದಳು. ಬೆನ್ನಿನ ಹಿಂದೆ ತಲೆದಿಂಬು ತುರುಕಿ, ಚರ್ಮ ಕೆಂಪಾಗಿದೆಯಾ ಎಂದು ಬೆರಳಲ್ಲಿ ಒತ್ತಿ ನೋಡಿದಳು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಇದೇ ಕೆಲಸ. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಅಕ್ಕ ಬೇಜಾರು, ಟೆನ್ಶನ್ ಅಂತೆಲ್ಲ ಮಾತೇ ಎತ್ತಲಿಲ್ಲ. "ನಿನ್ನೆ ರಾತ್ರಿ ಎಷ್ಟು ಸಲ ಎದ್ದೆ ಮಾರಾಯ್ತಿ? ಊಟ ಸೇರ್ತದಾ?" ಎಂದು ಕೇಳಿದರು. ಹುಡುಗಿ ಮೊದಲು ನಕ್ಕಳು. ಆಮೇಲೆ, "ಎದ್ದರೂ ಮಲಗಿದರೂ ಒಂದೇ ಅಕ್ಕ" ಅಂದಳು. ಅಕ್ಕ ತಲೆಯಾಡಿಸಿದರು. ವಾಪಸು ಹತ್ತುವಾಗ ಎಂಎಸ್‌ಡಬ್ಲ್ಯು ಹುಡುಗಿಗೆ ಫೋನ್ ಮಾಡಿ, "ಇವಳನ್ನು ಈ ವಾರವೇ ನೋಡು" ಎಂದರು.

ಆ ಹುಡುಗಿ ಬರುವಾಗ ಕಾಗದ ಇರುತ್ತದೆ. ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಉಂಟಾ ಎಂದು ನೋಡುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರ ನಿದ್ದೆ, ಹಸಿವು, ಆಸಕ್ತಿ ಹೇಗಿತ್ತು, ಸಾಯುವ ಯೋಚನೆ ಬಂತಾ ಎಂದೆಲ್ಲ ಕೇಳುತ್ತದೆ. ಒಟ್ಟು 27 ಅಂಕ. 10 ಮುಟ್ಟಿದರೆ, ಅಥವಾ ಕೊನೆಯ ಆ ಒಂದು ಪ್ರಶ್ನೆಗೆ ಹೌದು ಅಂದರೆ, ಡಾಕ್ಟರ ಹತ್ತಿರ ಕರೆದುಕೊಂಡೇ ಹೋಗುತ್ತಾಳೆ. ಚೀಟಿ ಕೊಟ್ಟು ಕಳಿಸಿದರೆ ಯಾರೂ ಹೋಗುವುದಿಲ್ಲವಂತೆ. ಡಾಕ್ಟರು ಮಾತಾಡುವುದು ಮಲಯಾಳದಲ್ಲಿ. ಅಂಗಡಿಯಲ್ಲಿ, ಬಸ್ಸಿನಲ್ಲಿ ಈ ಮಕ್ಕಳಿಗೂ ಮಲಯಾಳ ಸಲೀಸು. ಆದರೆ ಅಳು ಬರುವ ವಿಷಯ ಹೇಳಲು ಹೊರಟರೆ ಅರ್ಧಕ್ಕೇ ನಿಂತುಬಿಡುತ್ತದೆ. ಆಗ ಇವಳು ಪಕ್ಕದಲ್ಲಿ ಬೇಕು.

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರಕಾರದ ಟೆಲಿ ಮಾನಸ್ ಫೋನ್ ಸಹಾಯವಾಣಿ ಉಂಟಲ್ಲ ಎಂದೆ. 2022ರ ಅಕ್ಟೋಬರಿನಲ್ಲಿ ಶುರುವಾದ 14416, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅಕ್ಕ ನನ್ನನ್ನೇ ನೋಡಿದರು. "ನಂಬರ್ ಎಲ್ಲರಿಗೂ ಬರೆದು ಕೊಟ್ಟಿದ್ದೇನೆ. ಆದರೆ ಇರುವುದು ಒಂದೂವರೆ ಕೋಣೆ, ಪಕ್ಕದಲ್ಲಿ ಅಮ್ಮ, ಅಣ್ಣ. ಎಲ್ಲಿ ನಿಂತು ಮಾತಾಡುದು ಹೇಳಿ?"

ನನಗೆ ಜಾಸ್ತಿ ಹಿಡಿಸಿದ್ದು ಇವರು ಭಾನುವಾರಕ್ಕೆ ಮಾಡಿಕೊಂಡ ಏರ್ಪಾಡು. ಮಧ್ಯಾಹ್ನ ಮೂರಕ್ಕೆ ಮಾಷ್ಟ್ರು ಅಥವಾ ಕೇರಳದ ಮಹಿಳಾ ಸ್ವಸಹಾಯ ಸಂಘಗಳಾದ ಕುಟುಂಬಶ್ರೀಯ ಯಾರಾದರೂ ಹೆಂಗಸು ಮನೆಗೆ ಬಂದು ಮಲಗಿದವರ ಹತ್ತಿರ ಕೂರುತ್ತಾರೆ. ಮನೆಯ ಹುಡುಗ ಅಥವಾ ಹುಡುಗಿ ಸಂಜೆವರೆಗೆ ಹೊರಗೆ. ವಾಲಿಬಾಲ್ ಮೈದಾನಕ್ಕೆ ಬಾ ಎಂದು ಒತ್ತಾಯವಿಲ್ಲ. ಒಬ್ಬ ಹುಡುಗ ತಿಂಗಳುಗಟ್ಟಲೆ ಬಂದು ರಿಕ್ಷಾದ ಹಿಂದಿನ ಸೀಟಿನಲ್ಲಿ ಬರೀ ನಿದ್ದೆ ಮಾಡಿ ಹೋದನಂತೆ! ಉಪದೇಶವಿಲ್ಲದ ಇಂಥ ಎರಡು ಗಂಟೆ ಹತ್ತು ಜಾಗೃತಿ ಶಿಬಿರಗಳಿಗಿಂತ ಮೇಲು ಅನ್ನುವುದು ನನ್ನ ಲೆಕ್ಕ.

ಮದುವೆಯ ಮಾತೂ ಬಂತು. ಆ ಮನೆಯಾ ಎಂದು ಸಂಬಂಧ ಮುರಿಯುವವರು ಈಗಲೂ ಇದ್ದಾರೆ. "ಅದಕ್ಕೆ ನಮ್ಮ ಹತ್ತಿರ ಮದ್ದಿಲ್ಲ" ಎಂದು ರಿಕ್ಷಾದವರು ನೆಟ್ಟಿನ ಹಗ್ಗ ಬಿಗಿದರು. ಆಟ ಶುರುವಾಯಿತು. ತುಳುವಿನಲ್ಲಿ ಬೈಗುಳ, ಮಲಯಾಳದಲ್ಲಿ ಪಾಯಿಂಟು ಎಣಿಕೆ.

ಈ ಕೆಲಸಕ್ಕೆ ಅಕ್ಕನಿಗೆ ಯಾರೂ ಬೇರೆ ದುಡ್ಡು ಕೊಡುವುದಿಲ್ಲ. 2025ರಲ್ಲಿ ಕೇರಳದ ಆಶಾಗಳು ಗೌರವಧನ ಹೆಚ್ಚಿಸಿ ಎಂದು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ತಿಂಗಳುಗಟ್ಟಲೆ ಕೂತದ್ದು ನೆನಪಿರಬಹುದು. ಆಗ ಅವರ ಗೌರವಧನ ತಿಂಗಳಿಗೆ 7,000 ರೂಪಾಯಿ. ಅದರಲ್ಲೇ ರಿಕ್ಷಾ ಬಾಡಿಗೆ. ಈ ರಿಕ್ಷಾದವರು ಅರ್ಧ ಬಾಡಿಗೆ ಮಾತ್ರ ತೆಗೆದುಕೊಳ್ಳುತ್ತಾರೆ.

ಈಗ ಇವರೆಲ್ಲರ ಚಿಂತೆ ಮಳೆಗಾಲದ್ದು. ಜೂನ್ ಬಂದರೆ ಮೈದಾನ ಕೆಸರು. ಶಾಲೆಯ ಹಳೇ ಹಾಲ್ ಸಿಕ್ಕಿದರೆ ಕೇರಂ ಬೋರ್ಡಾದರೂ ಇಡಬಹುದು ಎಂದು ಮಾಷ್ಟ್ರು ಅರ್ಜಿ ಬರೆದಿದ್ದಾರೆ. ಕನ್ನಡದಲ್ಲೊಂದು, ಮಲಯಾಳದಲ್ಲೊಂದು.