ಡಬ್ಲ್ಯೂಟಿಓ ಹಿಂದೆ ಯಾರಿದ್ದಾರೆ ಅಂತ ಕೇಳುವವರಿಗೆ

ಮಂಡ್ಯದಲ್ಲಿ ಟೀ ಅಂಗಡಿ ಮುಂದೆ ನಿಂತರೂ ಸರಿ, ಬೀಗರೂಟದ ಪಂಕ್ತಿಯಲ್ಲಿ ಕೂತರೂ ಸರಿ, ನಾನು ಕಾಮರ್ಸ್ ಪಾಠ ಮಾಡುತ್ತೇನೆ ಅಂತ ಗೊತ್ತಿರುವವರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. "ಮೇಷ್ಟ್ರೇ, ನಾಲ್ಕೈದು ಮನೆತನದೋರು ಕೂತ್ಕೊಂಡು ಡಬ್ಲ್ಯೂಟಿಓ ಆಡಿಸ್ತಾರಂತಲ್ಲ, ನಿಜಾನಾ?" ಜೊತೆಗೆ ವಾಟ್ಸಾಪ್‌ಗೆ ಬಂದ ವಿಡಿಯೋ ಬೇರೆ. ಡಬ್ಲ್ಯೂಟಿಓ ಅಂದರೆ ವಿಶ್ವ ವ್ಯಾಪಾರ ಸಂಸ್ಥೆ, ದೇಶದೇಶಗಳ ನಡುವಿನ ವ್ಯಾಪಾರದ ನಿಯಮ, ತಕರಾರು ನೋಡಿಕೊಳ್ಳುವ ಸಂಸ್ಥೆ.

ವಿಡಿಯೋದಲ್ಲಿ ಹೇಳುವ ನಂಟುಗಳೆಲ್ಲ ಸುಳ್ಳಲ್ಲ. 1995ರ ಜನವರಿ 1ಕ್ಕೆ ಡಬ್ಲ್ಯೂಟಿಓ ಶುರುವಾದಾಗ ಅದರ ಮೊದಲ ಮುಖ್ಯಸ್ಥ ಐರ್ಲೆಂಡಿನ ಪೀಟರ್ ಸದರ್‌ಲ್ಯಾಂಡ್. ಆಮೇಲೆ ಅವರು ಗೋಲ್ಡ್‌ಮನ್ ಸ್ಯಾಕ್ಸ್ ಇಂಟರ್‌ನ್ಯಾಷನಲ್ ಅನ್ನೋ ಹೂಡಿಕೆ ಬ್ಯಾಂಕಿಗೂ ಬಿಪಿ ತೈಲ ಕಂಪನಿಗೂ ಅಧ್ಯಕ್ಷರಾದರು, ಯುರೋಪ್-ಅಮೆರಿಕದ ದೊಡ್ಡ ರಾಜಕಾರಣಿಗಳು, ಉದ್ಯಮಿಗಳು ಸೇರುವ ಬಿಲ್ಡರ್‌ಬರ್ಗ್ ಸಭೆಗಳಿಗೂ ಹೋಗುತ್ತಿದ್ದರು. ಇದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ದೊಡ್ಡವರು ದೊಡ್ಡವರ ಜೊತೆ ಊಟಕ್ಕೆ ಕೂರೋದೇ ಪಿತೂರಿ ಅನ್ನುವುದಾದರೆ ನಮ್ಮ ಜಿಲ್ಲೆಯ ಒಂದೊಂದು ಬೀಗರೂಟವೂ ಪಿತೂರಿಯೇ, ಅಲ್ವಾ? ಪೇಟೆಂಟ್ ಕಾನೂನಿನ ಕತೆಯೂ ಹೀಗೇ. 1986ರಲ್ಲಿ ಫೈಜರ್, ಐಬಿಎಂ ಥರದ ಅಮೆರಿಕದ ಕಂಪನಿಗಳು ಸೇರಿ ಹೆಸರಿಟ್ಟುಕೊಂಡೇ ಒಂದು ಕಮಿಟಿ ಮಾಡಿಕೊಂಡು, ತಮಗೆ ಬೇಕಾದ್ದನ್ನು ಒತ್ತಾಯ ಮಾಡಿ ಡಬ್ಲ್ಯೂಟಿಓ ಒಪ್ಪಂದದೊಳಗೆ ಸೇರಿಸಿದವು.

ಇದು ನನಗೆ ಪಿತೂರಿಗಿಂತ ಜಾಸ್ತಿ ಸಿಟ್ಟು ಬರಿಸುವ ವಿಷಯ.

ನಮ್ಮೂರಿನ ಹಿರಿಯರಿಗೆ ಇದು ಹೊಸದೇನಲ್ಲ. 1991ರ ಕೊನೆಗೆ ಈ ಒಪ್ಪಂದದ ಕರಡು, ಅಂದರೆ ಡಂಕೆಲ್ ಪ್ರಸ್ತಾವ, ಬಂದಾಗ ಪ್ರೊ. ನಂಜುಂಡಸ್ವಾಮಿಯವರ ರೈತಸಂಘ ಹಸಿರು ಶಾಲು ಹೊದ್ದು ಬೀದಿಗಿಳಿಯಿತು. ಅವರಿಗೆ ಅಂಜಿಕೆ ಇದ್ದದ್ದು ಆ ಕಾಗದದಲ್ಲಿ ಬೀಜದ ಬಗ್ಗೆ ಬರೆದಿದ್ದ ಮಾತುಗಳ ಬಗ್ಗೆ. ಅದನ್ನು ಓದಿಕೊಂಡೇ ಜಗಳಕ್ಕೆ ನಿಂತಿದ್ದರು.

ಈಗ ಕಬ್ಬಿಗೆ ಬರೋಣ, ನಮಗೆ ಬೇಕಾದ್ದು ಅದೇ ತಾನೇ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಡಬ್ಲ್ಯೂಟಿಓದಲ್ಲಿ ಭಾರತದ ಮೇಲೆ ದೂರು ಕೊಟ್ಟವು: ಕಬ್ಬಿಗೆ ಎಫ್‌ಆರ್‌ಪಿ (ಕಾರ್ಖಾನೆ ರೈತನಿಗೆ ಕೊಡಲೇಬೇಕು ಅಂತ ಕೇಂದ್ರ ಸರ್ಕಾರ ಹಾಕುವ ಕನಿಷ್ಠ ಬೆಲೆ) ಗೊತ್ತುಮಾಡುವುದೂ ಸಬ್ಸಿಡಿಯೇ, ಅದು ಬೆಳೆಯ ಮೌಲ್ಯದ ಶೇ. 10ರ ಮಿತಿ ದಾಟಿದೆ ಅಂತ. ದುಡ್ಡು ಕೊಡೋದು ಕಾರ್ಖಾನೆ, ಸರ್ಕಾರ ಅಲ್ಲ ಅಂತ ನಮ್ಮವರು ವಾದ ಮಾಡಿದರು. ನಡೆಯಲಿಲ್ಲ. ಇವತ್ತಿನ ಎಫ್‌ಆರ್‌ಪಿಯನ್ನು ಹೋಲಿಸುವುದು ಯಾವುದಕ್ಕೆ ಗೊತ್ತಾ? 1986-88ರ ಬೆಲೆಗೆ! ಆಗ ಹುಟ್ಟಿದ ಮಗು ಈಗ ತನ್ನ ಮಗನನ್ನು ಹೈಸ್ಕೂಲಿಗೆ ಕಳಿಸುತ್ತಿದೆ. ಈ ಲೆಕ್ಕ ಒಪ್ಪಂದದಲ್ಲೇ ಅಚ್ಚಾಗಿದೆ, ನಾವೇ ರುಜು ಹಾಕಿದ್ದೇವೆ.

2021ರ ಡಿಸೆಂಬರ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿತು. ಆದರೆ ಅಷ್ಟರಲ್ಲಿ ಮೇಲ್ಮನವಿ ಕೇಳುವ ಪೀಠವೇ ನಿಂತುಹೋಗಿತ್ತು. ಹೊಸಬರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕುತ್ತಾ ಬಂದು, 2019ರ ಡಿಸೆಂಬರ್‌ಗೇ ಅಲ್ಲಿ ಕೇಸು ಕೇಳುವಷ್ಟು ಜನ ಇಲ್ಲದಂತಾಯಿತು. ಪ್ರಪಂಚವನ್ನೇ ಆಡಿಸುವವರು ತಮ್ಮದೇ ಕೋರ್ಟಿಗೆ ಯಾಕೆ ಬೀಗ ಹಾಕಿಕೊಂಡರು ಅಂತ ನಾನು ತಿರುಗಿ ಕೇಳುತ್ತೇನೆ. "ಅದೂ ಪ್ಲಾನೇ ಮೇಷ್ಟ್ರೇ" ಅಂದುಬಿಟ್ಟರೆ ಸುಮ್ನೆ ಇನ್ನೊಂದು ಟೀ ಹೇಳುತ್ತೇನೆ.